ಬೆನ್ನಿಗೆ ಚೀಲ, ಜೊತೆಗೊಬ್ಬರು: ಹುಬ್ಬಳ್ಳಿ-ಧಾರವಾಡದಿಂದ ಪಣಜಿಯ ಕಾರ್ನಿವಲ್‌ಗೆ ಹೋಗುವವರಿಗೆ ಮಾರ್ಗದರ್ಶಿ

ಹುಬ್ಬಳ್ಳಿಯಿಂದ ಪಣಜಿ ಸುಮಾರು 180 ಕಿಲೋಮೀಟರ್, ಧಾರವಾಡದಿಂದ ಅದಕ್ಕಿಂತ ತುಸು ಹತ್ತಿರ. ಇಷ್ಟು ಸಮೀಪದ ಊರಾದ್ದರಿಂದ ಶನಿವಾರ ಮಧ್ಯಾಹ್ನ ಮನಸ್ಸಾದರೆ ಸಂಜೆಗೆ ಹೊರಟುಬಿಡುವ ರೂಢಿ ನಮ್ಮ ಕಡೆ ಬಹಳ ಜನರಿಗಿದೆ. ವರ್ಷದ ಉಳಿದ ದಿನಗಳಲ್ಲಿ ಅದು ನಡೆದೀತು, ಆದರೆ ಕಾರ್ನಿವಲ್‌ನ ನಾಲ್ಕು ದಿನ ನಡೆಯುವುದಿಲ್ಲ. ಆಗ ಕೋಣೆಗಳು ಮೊದಲೇ ತುಂಬಿರುತ್ತವೆ, ನದಿ ದಂಡೆಯ ಮುಖ್ಯ ರಸ್ತೆ ಮಧ್ಯಾಹ್ನವೇ ಮುಚ್ಚುತ್ತದೆ, ಕಾರು ತಂದವರು ಅದನ್ನು ನಿಲ್ಲಿಸಲು ಜಾಗ ಹುಡುಕುತ್ತ ಮೆರವಣಿಗೆಯನ್ನೇ ಕಳೆದುಕೊಳ್ಳುತ್ತಾರೆ. ಈ ಬರಹ ಬಸ್ಸಿನಲ್ಲೋ ರೈಲಿನಲ್ಲೋ ಬೆನ್ನಚೀಲ ಹೊತ್ತು, ಕಡಿಮೆ ಖರ್ಚಿನಲ್ಲಿ, ಇಬ್ಬರೇ ಹೋಗಿಬರಬೇಕೆನ್ನುವವರಿಗಾಗಿ. ಇದರಲ್ಲಿ ಹೇಳುವ ಹಲವು ಮಾತುಗಳಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನಿಟ್ಟುಕೊಳ್ಳಿ: ಮೆರವಣಿಗೆಯ ರಸ್ತೆಯಿಂದ ನಡೆದೇ ತಲುಪುವಷ್ಟು ದೂರದಲ್ಲಿ ಕೋಣೆ ಹಿಡಿಯಿರಿ, ಅದಕ್ಕಾಗಿ ಉಳಿದ ಖರ್ಚನ್ನು ಬೇಕಾದರೆ ಕಡಿಮೆ ಮಾಡಿ.

ಕಾರ್ನಿವಲ್ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ತಿಳಿದುಕೊಂಡರೆ ಮುಂದಿನ ಲೆಕ್ಕಾಚಾರ ಸುಲಭವಾಗುತ್ತದೆ. ಈಸ್ಟರ್‌ಗೆ ಮುಂಚಿನ ದೀರ್ಘ ವ್ರತಕಾಲ ಬೂದಿ ಬುಧವಾರದಂದು ಶುರುವಾಗುತ್ತದೆ. ಮಾಂಸ, ಮದ್ಯ, ಮೋಜುಗಳಿಂದ ದೂರವಿರಬೇಕಾದ ಆ ಕಾಲಕ್ಕೆ ಮುಂಚಿನ ನಾಲ್ಕು ದಿನ ಉಂಡು ಕುಡಿದು ನಲಿಯುವ ಹಬ್ಬವೇ ಕಾರ್ನಿವಲ್. ಪೋರ್ಚುಗೀಸರೊಂದಿಗೆ ಗೋವೆಗೆ ಬಂದ ಈ ಆಚರಣೆಯನ್ನು ಕೊಂಕಣಿಯಲ್ಲಿ ಇಂತ್ರುಜ್ ಎನ್ನುತ್ತಾರೆ. ಪ್ರತಿ ವರ್ಷ ಒಬ್ಬನನ್ನು ಮೋಮೋ ರಾಜನನ್ನಾಗಿ ಆರಿಸುತ್ತಾರೆ. ಶನಿವಾರ ಆತ ವಿದೂಷಕರು, ನರ್ತಕರ ಪರಿವಾರದೊಂದಿಗೆ ಪಣಜಿಗೆ ಬಂದು, ನಾಲ್ಕು ದಿನ ತನ್ನದೇ ಆಳ್ವಿಕೆಯೆಂದೂ ಎಲ್ಲರೂ ತಿಂದು ಕುಡಿದು ಮಜಾ ಮಾಡಬೇಕೆಂದೂ ಫರ್ಮಾನು ಓದುತ್ತಾನೆ. ದೊಡ್ಡ ಮೆರವಣಿಗೆಗಳು ಸಾಮಾನ್ಯವಾಗಿ ಶನಿವಾರ ಪಣಜಿಯಲ್ಲಿ, ರವಿವಾರ ಮಡಗಾಂವದಲ್ಲಿ, ಸೋಮವಾರ ವಾಸ್ಕೊದಲ್ಲಿ, ಮಂಗಳವಾರ ಮಾಪುಸಾದಲ್ಲಿ ನಡೆಯುತ್ತವೆ.

ಮೊದಲು ತಾರೀಖು ನೋಡಿಕೊಳ್ಳಿ

ಈಸ್ಟರ್ ಚಂದ್ರನ ಲೆಕ್ಕದಲ್ಲಿ ಬರುವುದರಿಂದ ಕಾರ್ನಿವಲ್ ಕೂಡ ಪ್ರತಿ ವರ್ಷ ಹಿಂದೆ ಮುಂದೆ ಸರಿಯುತ್ತದೆ. ಈಸ್ಟರ್ ಭಾನುವಾರದಿಂದ 46 ದಿನ ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರ, ಅದರ ಹಿಂದಿನ ಶನಿವಾರವೇ ಆರಂಭದ ದಿನ. ಹೀಗೆ ಎಣಿಸಿದರೆ 2027ರಲ್ಲಿ ಕಾರ್ನಿವಲ್ ಫೆಬ್ರವರಿ 6ರ ಶನಿವಾರದಿಂದ 9ರ ಮಂಗಳವಾರದವರೆಗೆ, 2028ರಲ್ಲಿ ಫೆಬ್ರವರಿ 26ರಿಂದ 29ರವರೆಗೆ ಬರುತ್ತದೆ. ಯಾವ ಊರಿನ ಮೆರವಣಿಗೆ ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಗೋವಾ ಪ್ರವಾಸೋದ್ಯಮ ಇಲಾಖೆಯೂ ಆಯಾ ಊರಿನ ಸಮಿತಿಯೂ ಹಬ್ಬ ಹತ್ತಿರವಾದಾಗ ಪ್ರಕಟಿಸುತ್ತವೆ. ಹೊರಡುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ.

ಹುಬ್ಬಳ್ಳಿಯವರು ಇದರೊಂದಿಗೆ ಇನ್ನೊಂದು ಪಂಚಾಂಗವನ್ನೂ ನೋಡಬೇಕಾಗುತ್ತದೆ. ಎರಡೂ ಅಮಾವಾಸ್ಯೆಯ ಆಸುಪಾಸಿನವೇ ಆದ್ದರಿಂದ ಹಲವು ವರ್ಷ ಮಹಾಶಿವರಾತ್ರಿಯೂ ಕಾರ್ನಿವಲ್ಲೂ ಒಂದರ ಮಗ್ಗುಲಿಗೊಂದು ಬರುತ್ತವೆ. 2023ರಲ್ಲಿ ಕಾರ್ನಿವಲ್ ಆರಂಭವಾದ ಫೆಬ್ರವರಿ 18ರಂದೇ ಶಿವರಾತ್ರಿಯಿತ್ತು, 2026ರಲ್ಲಿ ಶಿವರಾತ್ರಿ ಕಾರ್ನಿವಲ್‌ನ ಎರಡನೆಯ ದಿನಕ್ಕೆ ಬಂತು. ಶಿವರಾತ್ರಿಯೆಂದರೆ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ಜಾತ್ರೆ, ಜಾತ್ರೆಯೆಂದರೆ ರೈಲು, ಬಸ್ಸು, ನಿಲ್ದಾಣಗಳಲ್ಲೆಲ್ಲ ಕಾಲಿಡಲು ಜಾಗವಿರದಷ್ಟು ಜನ. 2027ರಲ್ಲಿ ಶಿವರಾತ್ರಿ ಮಾರ್ಚ್ 6ಕ್ಕೆ ಹೋಗಿರುವುದರಿಂದ ಈ ತೊಡಕಿಲ್ಲ. ಮನೆಯಲ್ಲಿ ಶಿವರಾತ್ರಿಯ ಉಪವಾಸ, ಜಾಗರಣೆ ಬಿಡಿಸಿಕೊಂಡು ಗೋವೆಗೆ ಹೊರಡಬೇಕೆನ್ನುವ ಮುಜುಗರವೂ ಆ ವರ್ಷ ತಪ್ಪಿತೆಂದು ಲೆಕ್ಕ ಹಾಕಿಕೊಳ್ಳಬಹುದು.

ಎರಡನೆಯದು ಕೋಣೆ, ಟಿಕೆಟ್ ಆಮೇಲೆ

ಬಹಳ ಜನ ಮೊದಲು ಟಿಕೆಟ್ ತೆಗೆಸಿ ನಂತರ ಕೋಣೆ ಹುಡುಕುತ್ತಾರೆ. ಕಾರ್ನಿವಲ್‌ಗೆ ಇದನ್ನು ತಿರುವುಮುರುವು ಮಾಡಬೇಕು. ಬಸ್ಸಿನಲ್ಲಿ ನಿಂತಾದರೂ ಐದಾರು ಗಂಟೆ ಕಳೆಯಬಹುದು, ರಾತ್ರಿಯನ್ನು ನಿಂತು ಕಳೆಯಲಾಗುವುದಿಲ್ಲ. ಪಣಜಿಯ ಹಳೆಯ ಬಡಾವಣೆಗಳಾದ ಫೊಂತೈನ್ಹಾಸ್, ಸಾಂ ತೋಮೆ, ಮಾಳಾ, ಚರ್ಚಿನ ಚೌಕದ ಸುತ್ತಲಿನ ಓಣಿಗಳು, ಪಶ್ಚಿಮಕ್ಕೆ ಕಾಂಪಾಲ್, ಇವುಗಳಲ್ಲಿ ಎಲ್ಲಿ ಉಳಿದರೂ ಮಾಂಡವಿ ದಂಡೆಯ ದಯಾನಂದ ಬಾಂದೋಡಕರ್ ರಸ್ತೆಗೆ ನಡೆದು ಹೋಗಬಹುದು. ಪಣಜಿಯ ಮೆರವಣಿಗೆಗೆ ಬಹುಮಟ್ಟಿಗೆ ಬಳಕೆಯಾಗುವುದು ಈ ರಸ್ತೆಯೇ. ಕಲಂಗುಟ್, ಬಾಗಾ ಕಡೆ ಅಗ್ಗವಾಗಿ ಕೋಣೆ ಸಿಕ್ಕಿತೆಂದು ಅಲ್ಲಿ ಉಳಿದು ಸಂಜೆ ಪಣಜಿಗೆ ಬಂದು ಹೋಗುವ ಯೋಜನೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಮೆರವಣಿಗೆ ಮುಗಿದ ಮೇಲೆ ಮಾಂಡವಿ ಸೇತುವೆಯ ಮೇಲೆ ವಾಹನಗಳು ಆಮೆ ನಡಿಗೆಯಲ್ಲಿ ಸಾಗುತ್ತವೆ, ಟ್ಯಾಕ್ಸಿಯವರು ಕೇಳಿದ್ದೇ ದರವಾಗುತ್ತದೆ. ಉಳಿಸಿದ ಹಣ ಅಲ್ಲಿಗೇ ಸರಿಹೋಗುತ್ತದೆ.

ಬೆನ್ನಚೀಲದ ಪ್ರವಾಸಿಗರು ಹಾಸ್ಟೆಲ್ ಎಂದೊಡನೆ ಅದೇ ಅಗ್ಗವೆಂದು ನಂಬುತ್ತಾರೆ. ಒಬ್ಬರೇ ಹೋಗುವಾಗ ಅದು ನಿಜ. ಇಬ್ಬರಾದಾಗ ಎರಡು ಮಂಚದ ಬಾಡಿಗೆಯನ್ನು ಕೂಡಿಸಿ ನೋಡಬೇಕು. ಹಬ್ಬದ ದರದಲ್ಲಿ ಅದು ಸಾದಾ ಅತಿಥಿಗೃಹದ ಒಂದು ಕೋಣೆಯ ಬಾಡಿಗೆಯಷ್ಟೇ ಆಗುವುದುಂಟು. ಹೆಂಗಸರಿಗೆಂದೇ ಮೀಸಲಾದ ಸಾಮೂಹಿಕ ಕೋಣೆ ಇದ್ದರೆ ಇಬ್ಬರೂ ಬೇರೆ ಬೇರೆ ಕಡೆ ಮಲಗಬೇಕಾಗುತ್ತದೆ, ಒಂದೇ ಚಾರ್ಜರ್, ಒಂದೇ ಸೋಪಿನ ಡಬ್ಬಿ ತಂದವರು ರಾತ್ರಿ ಹತ್ತಕ್ಕೆ ಮೊಗಸಾಲೆಯಲ್ಲಿ ನಿಂತು ಹಂಚಿಕೊಳ್ಳಬೇಕಾಗುತ್ತದೆ. ಆದ್ದರಿಂದ ಕಾರ್ನಿವಲ್‌ನ ದಿನಗಳಿಗೆ ಚಿಕ್ಕದಾದರೂ ಬಾಗಿಲಿಗೆ ಒಳಗಿನಿಂದ ಚಿಲಕವಿರುವ ಸ್ವಂತ ಕೋಣೆಯೇ ಲೇಸೆಂಬುದು ನನ್ನ ಅಭಿಪ್ರಾಯ.

ಕೋಣೆ ಕಾಯ್ದಿರಿಸುವಾಗ ಫೋನಿನಲ್ಲಿ ಮಾತಾಡಿ ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ. ಬೆಳಗಿನ ರೈಲಿಗೆ ಬಂದರೆ ಕೋಣೆ ತೆರವಾಗುವವರೆಗೆ ಚೀಲ ಇಡಲು ಬಿಡುತ್ತಾರೆಯೇ, ರಾತ್ರಿ ಎಷ್ಟು ಹೊತ್ತಿಗೆ ಹೊರಬಾಗಿಲು ಹಾಕುತ್ತಾರೆ, ಇಬ್ಬರ ಗುರುತಿನ ಚೀಟಿಗೂ ಸಂಬಂಧಿಸಿದಂತೆ ಅವರ ನಿಯಮವೇನು. ಮದುವೆಯಾದ ಮೇಲೂ ಹೆಂಡತಿಯ ಆಧಾರ್‌ನಲ್ಲಿ ತವರಿನ ಹೆಸರು, ತವರಿನ ವಿಳಾಸವೇ ಉಳಿದಿರುವುದು ನಮ್ಮಲ್ಲಿ ಸಾಮಾನ್ಯ. ಅದರಿಂದ ಯಾವ ತೊಂದರೆಯೂ ಆಗಬಾರದು. ಮದುವೆಯಾಗದ ವಯಸ್ಕರಿಬ್ಬರು ಒಂದು ಕೋಣೆಯಲ್ಲಿ ಉಳಿಯುವುದನ್ನು ತಡೆಯುವ ಕಾನೂನೂ ದೇಶದಲ್ಲಿಲ್ಲ. ಆದರೂ ಕೆಲವು ಅತಿಥಿಗೃಹಗಳು ತಮ್ಮದೇ ನಿಯಮ ಮುಂದಿಡುತ್ತವೆ. ಚೀಲ ಹೊತ್ತು ಬಾಗಿಲಲ್ಲಿ ನಿಂತು ವಾದಿಸುವುದಕ್ಕಿಂತ ಮೊದಲೇ ಕೇಳಿ, ಒಪ್ಪಿಗೆಯನ್ನು ಸಂದೇಶದಲ್ಲಿ ಬರೆಸಿಕೊಳ್ಳುವುದು ಜಾಣತನ.

ಮೂರನೆಯದು ದಾರಿ

ರೈಲಿನಲ್ಲಿ ಹೋಗುವವರಿಗೆ ಯಶವಂತಪುರ–ವಾಸ್ಕೊ ಎಕ್ಸ್‌ಪ್ರೆಸ್ ಅನುಕೂಲಕರ. ಅದು ಹಾವೇರಿ ಮಾರ್ಗವಾಗಿ ಬಂದು ರಾತ್ರಿ ಹುಬ್ಬಳ್ಳಿ, ಧಾರವಾಡಗಳನ್ನು ದಾಟಿ, ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಘಟ್ಟವಿಳಿದು ಬೆಳಗಿನ ಹೊತ್ತಿಗೆ ಗೋವೆ ಸೇರುತ್ತದೆ. ಗದಗಿನವರಿಗೆ ಅಮರಾವತಿ ಎಕ್ಸ್‌ಪ್ರೆಸ್ ಕೂಡ ಉಂಟು, ಆದರೆ ಅದು ವಾರದ ಎಲ್ಲ ದಿನ ಓಡುವುದಿಲ್ಲ. 2024ರ ನವೆಂಬರ್‌ನಿಂದ ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆಯ ಅವಧಿ 60 ದಿನಕ್ಕಿಳಿದಿದೆ. 2027ರ ಫೆಬ್ರವರಿ 5ರ ಶುಕ್ರವಾರ ರಾತ್ರಿ ಹೊರಡುವವರು ಡಿಸೆಂಬರ್ ಮೊದಲ ವಾರ ಮುಗಿಯುತ್ತಲೇ ಕಾಯ್ದಿರಿಸುವಿಕೆ ತೆರೆಯುವುದನ್ನು ಕಾದು ಕುಳಿತಿರಬೇಕು. ಮಡಗಾಂವದಲ್ಲಿ ಇಳಿದು, ಅಲ್ಲಿನ ಕದಂಬ ಬಸ್ ನಿಲ್ದಾಣಕ್ಕೆ ರಿಕ್ಷಾದಲ್ಲಿ ಹೋಗಿ, ಪಣಜಿಯ ಶಟಲ್ ಬಸ್ ಹಿಡಿಯುವುದು ಸುಲಭದ ದಾರಿ. ಈ ಬಸ್ಸು ನಡುವೆ ಎಲ್ಲೂ ನಿಲ್ಲುವುದಿಲ್ಲ, ಟಿಕೆಟನ್ನು ಕಿಟಕಿಯಲ್ಲಿ ಮೊದಲೇ ಕೊಂಡು ಸಾಲಿನಲ್ಲಿ ನಿಲ್ಲಬೇಕು. ಗೋವಾ ಸರಕಾರದ ಸಾರಿಗೆ ಸಂಸ್ಥೆ ಹೊತ್ತಿರುವುದು ನಮ್ಮ ಹಾನಗಲ್ಲಿನ ಕದಂಬರ ದಾಯಾದಿಗಳಾದ ಗೋವೆಯ ಕದಂಬರ ಹೆಸರನ್ನೇ. ಸಾಲು ಉದ್ದವಿದ್ದರೆ ಈ ವಿಷಯವನ್ನು ಮಾತಾಡುತ್ತ ಹೊತ್ತು ಕಳೆಯಬಹುದು.

ಬಸ್ಸಿನಲ್ಲಿ ಹೋಗುವವರಿಗೆ ಹುಬ್ಬಳ್ಳಿಯಿಂದ ಪಣಜಿಗೆ ವಾಯವ್ಯ ಸಾರಿಗೆಯ ಬಸ್ಸುಗಳೂ ಕದಂಬ ಬಸ್ಸುಗಳೂ ಇವೆ. ಅಳ್ನಾವರ, ರಾಮನಗರ ದಾಟಿ ಅನಮೋಡ ಘಟ್ಟವಿಳಿದು, ಮೊಲ್ಲೆಂ, ಫೋಂಡಾ ಮೂಲಕ ಸಾಗುವ ಈ ದಾರಿಯಲ್ಲಿ ತಿರುವುಗಳು ವಿಪರೀತ. ವಾಂತಿಯ ತೊಂದರೆ ಇರುವವರು ಹಿಂದಿನ ಸೀಟಿನಲ್ಲಿ ಕೂರಬಾರದು, ಅನಮೋಡ ಬರುವ ಮುನ್ನ ಹೊಟ್ಟೆ ತುಂಬ ತಿನ್ನಲೂಬಾರದು. ಶಕ್ತಿ ಯೋಜನೆಯಡಿ ಹೆಂಗಸರಿಗೆ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಾತ್ರ, ಹೊರರಾಜ್ಯಕ್ಕೆ ಹೋಗುವ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಖರ್ಚು ಉಳಿಸಲೇಬೇಕೆನ್ನುವವರು ಯಲ್ಲಾಪುರ, ಅಂಕೋಲೆ ಮಾರ್ಗವಾಗಿ ಕಾರವಾರದವರೆಗೆ ವೇಗದೂತದಲ್ಲಿ ಹೋಗಿ, ಅಲ್ಲಿಂದ ಕಾಣಕೋಣ, ಮಡಗಾಂವದ ಬಸ್ ಹಿಡಿಯಬಹುದು. ಇದರಲ್ಲಿ ಒಬ್ಬರ ದೊಡ್ಡ ಪಾಲಿನ ಟಿಕೆಟ್ ಉಳಿಯುತ್ತದೆ, ಆದರೆ ಇಡೀ ದಿನ ದಾರಿಗೇ ಹೋಗುತ್ತದೆ. ಶುಕ್ರವಾರ ಬೆಳಿಗ್ಗೆಯೇ ಹೊರಡಬಲ್ಲವರಿಗೆ ಮಾತ್ರ ಇದು ತಕ್ಕುದು.

ಯಾವ ದಾರಿಯಲ್ಲಿ ಬಂದರೂ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಪಣಜಿಯಲ್ಲಿರಬೇಕು. ಆಮೇಲೆ ರಸ್ತೆಗಳನ್ನು ತಿರುಗಿಸುತ್ತಾರೆ, ಬಸ್ಸುಗಳು ಊರಂಚಿನ ಪಾಟೋದ ಬಸ್ ನಿಲ್ದಾಣದಲ್ಲೇ ಉಳಿಯುತ್ತವೆ.

ಚೀಲದಲ್ಲಿ ಏನಿರಬೇಕು

ಇಬ್ಬರಿಗೆ ಎರಡು ಚೀಲ: ಒಂದು ನಲವತ್ತು ಲೀಟರಿನದು, ಇನ್ನೊಂದು ಜನಸಂದಣಿಯಲ್ಲಿ ಎದೆಯ ಮೇಲೆ ಹಾಕಿಕೊಳ್ಳಬಹುದಾದ ಚಿಕ್ಕದು. ಇಬ್ಬರೂ ಒಂದೊಂದು ದೊಡ್ಡ ಚೀಲ ತಂದರೆ ಹಾದಿಯಲ್ಲಿ ಒಬ್ಬರಿಗೊಬ್ಬರು ನೆರವಾಗಲು ಯಾರ ಕೈಯೂ ಖಾಲಿಯಿರುವುದಿಲ್ಲ. ಟೂತ್‌ಪೇಸ್ಟು, ಬೀಗ, ಚಾರ್ಜರ್, ಔಷಧಿ ಇವು ಒಂದೊಂದೇ ಸಾಕು, ಪವರ್ ಬ್ಯಾಂಕ್ ಮಾತ್ರ ಎರಡಿರಲಿ. ಬಟ್ಟೆ ಹತ್ತಿಯದಾಗಿರಲಿ, ಆದರೆ ಧಾರವಾಡದ ಲೆಕ್ಕದಲ್ಲಿ ಒಗೆದು ಒಣಗಿಸಬಹುದೆಂದು ಎಣಿಸಬೇಡಿ. ನಮ್ಮಲ್ಲಿ ಫೆಬ್ರವರಿಯ ಬಿಸಿಲಿಗೆ ಒಂದು ಗಂಟೆಯಲ್ಲಿ ಗರಿಗರಿಯಾಗುವ ಅಂಗಿ ಅಲ್ಲಿನ ಸಮುದ್ರಗಾಳಿಯ ತೇವದಲ್ಲಿ ಮರುದಿನವೂ ಹಸಿಯಾಗಿಯೇ ಇರುತ್ತದೆ. ಕಾಲಿಗೆ ಬೆರಳು ಮುಚ್ಚುವ ಬೂಟು ಹಾಕಿಕೊಳ್ಳಿ. ಮೆರವಣಿಗೆಯ ಅಂಚಿನಲ್ಲಿ ಚಪ್ಪಲಿ ಹಾಕಿ ನಿಂತವರ ಬೆರಳುಗಳ ಗತಿ ನೋಡಿದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಆರ್‌ಎಸ್ ಪೊಟ್ಟಣ, ಜ್ವರದ ಮಾತ್ರೆ, ಬ್ಯಾಂಡ್‌ಏಡ್, ಇಬ್ಬರ ಗುರುತಿನ ಚೀಟಿಯ ಝೆರಾಕ್ಸ್ ಪ್ರತಿ ಪರಸ್ಪರರ ಚೀಲದಲ್ಲಿರಲಿ.

ತಿನಿಸಿನ ಮಟ್ಟಿಗೆ ಮನೆಯಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಕಟ್ಟಿಸಿಕೊಂಡು ಹೋಗುವವರನ್ನು ನಗಬೇಡಿ. ಮೆರವಣಿಗೆಯ ದಿನ ಊಟದ ಹೊತ್ತಿಗೆ ಹೋಟೆಲ್‌ಗಳ ಮುಂದೆ ನಿಲ್ಲುವ ಸಾಲು ನೋಡಿದ ಮೇಲೆ ಡಬ್ಬಿಯಲ್ಲಿರುವ ನಾಲ್ಕು ರೊಟ್ಟಿಯ ಬೆಲೆ ತಿಳಿಯುತ್ತದೆ.

ಶನಿವಾರ: ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು

ರಸ್ತೆಯ ಬದಿ ನಿಂತು ನೋಡಲು ಟಿಕೆಟ್ ಬೇಕಿಲ್ಲ. ಜಾಗವನ್ನು ಮಾತ್ರ ಬುದ್ಧಿಯಿಂದ ಆರಿಸಬೇಕು. ಬಾಂದೋಡಕರ್ ರಸ್ತೆ ಪೂರ್ವದಿಂದ ಪಶ್ಚಿಮಕ್ಕೆ ಮಾಂಡವಿಯ ದಕ್ಷಿಣ ದಂಡೆಗುಂಟ ಸಾಗುತ್ತದೆ. ಬಹುತೇಕರು ನದಿಯ ಗಾಳಿ ಬರುತ್ತದೆಂದು ನದಿಯ ಬದಿಗೆ ನಿಲ್ಲುತ್ತಾರೆ. ಅಲ್ಲಿ ನಿಂತವರು ದಕ್ಷಿಣಕ್ಕೆ ಮುಖ ಮಾಡಬೇಕಾದ್ದರಿಂದ ಫೆಬ್ರವರಿಯ ಇಳಿಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ, ಚಿತ್ರಗಳೆಲ್ಲ ಕಪ್ಪಾಗುತ್ತವೆ, ಜನ ಒತ್ತರಿಸಿದರೆ ಹಿಂದೆ ಸರಿಯಲು ನೀರಿನ ಅಂಚು ಬಿಟ್ಟು ಬೇರೆ ದಾರಿಯಿಲ್ಲ. ಊರಿನ ಬದಿಗೆ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ, ಕಟ್ಟಡ ಮತ್ತು ಮರಗಳ ನೆರಳು ಸಿಗುತ್ತದೆ, ಸಾಕೆನಿಸಿದಾಗ ಹಿಂದಿನ ಓಣಿಗೆ ಜಾರಬಹುದು. ಓಣಿಯೊಂದು ಮುಖ್ಯ ರಸ್ತೆಯನ್ನು ಕೂಡುವ ಮೂಲೆ ಎಲ್ಲಕ್ಕಿಂತ ಒಳ್ಳೆಯದು.

ಮೆರವಣಿಗೆ ಹೇಳಿದ ಹೊತ್ತಿಗೆ ಹೊರಡುವುದು ಅಪರೂಪ. ಮೂರಕ್ಕೆಂದರೆ ನಾಲ್ಕೂ ಆದೀತು, ನಡುನಡುವೆ ದೀರ್ಘ ಖಾಲಿ ಬಿಡುವುಗಳೂ ಬರುತ್ತವೆ. ಹಾಗಾಗಿ ಹೊರಡುವ ಮುನ್ನ ಇಬ್ಬರೂ ಶೌಚಕ್ಕೆ ಹೋಗಿ ಬರಬೇಕು. ಕೋಣೆ ಹತ್ತಿರವಿರಲಿ ಎಂದು ಮೊದಲಿಗೇ ಹೇಳಿದ್ದರ ದೊಡ್ಡ ಕಾರಣ, ಮುಖ್ಯವಾಗಿ ಹೆಂಗಸರಿಗೆ, ಇದೇ. ಸಾರ್ವಜನಿಕ ಶೌಚಾಲಯಗಳು ಬಸ್ ನಿಲ್ದಾಣ, ಮಾರುಕಟ್ಟೆಯ ಕಡೆ ಇವೆಯಾದರೂ ಆ ದಿನ ಅವುಗಳ ಸ್ಥಿತಿಯನ್ನು ನಂಬಿಕೊಂಡು ಸಂಜೆಯನ್ನು ಯೋಜಿಸಬಾರದು.

ಮೆರವಣಿಗೆಯಲ್ಲಿ ಏನು ನೋಡಬೇಕು? ಜಾಹೀರಾತು ಹೊತ್ತ ಕಂಪನಿಗಳ ಲಾರಿಗಳು ಬಂದಾಗ ನೀರು ಕುಡಿಯಿರಿ, ಹಳ್ಳಿಗಳಿಂದ, ಕ್ಲಬ್ಬುಗಳಿಂದ ಬರುವ ಸ್ತಬ್ಧಚಿತ್ರಗಳು ಬಂದಾಗ ಕಣ್ಣು ತೆರೆಯಿರಿ. ಲಾರಿಯ ಮೇಲೆ ಬಿದಿರು ಕಟ್ಟಿ, ಥರ್ಮೋಕೋಲ್ ಕೊರೆದು, ಒಂದು ಇಡೀ ಹಳ್ಳಿಯನ್ನೇ ನಿಲ್ಲಿಸಿರುತ್ತಾರೆ: ತೆಂಗಿನ ಮರವೇರಿ ಶೇಂದಿ ಇಳಿಸುವ ರೆಂದೇರ, ಸೈಕಲ್ಲಿನ ಹಿಂದೆ ಬಿದಿರು ಬುಟ್ಟಿ ಕಟ್ಟಿ ಹಾರ್ನ್ ಒತ್ತುತ್ತ ಪಾವ್ ಮಾರುವ ಪೋದೇರ, ಬಲೆ ನೇಯುವ ಮುದುಕ, ತಿಗುರಿಯ ಮುಂದೆ ಕೂತ ಕುಂಬಾರ. ಅವರಲ್ಲಿ ಹಲವರು ನಿಜವಾಗಿಯೂ ಆ ಕೆಲಸ ಬಲ್ಲವರೇ. ಲಾರಿ ಸಾಗುತ್ತಿರುವಾಗಲೇ ತಿಗುರಿ ತಿರುಗುತ್ತಿರುತ್ತದೆ, ಮಡಕೆಯ ಅಂಚು ಎದ್ದು ಬರುತ್ತಿರುತ್ತದೆ, ರಸ್ತೆಯ ಉಬ್ಬಿಗೆ ಗಾಡಿ ಕುಲುಕಿದಾಗ ಅದು ಸೊಟ್ಟಗಾದರೆ ಆತ ನಕ್ಕು ಮತ್ತೆ ಮಣ್ಣು ಕಲಸುತ್ತಾನೆ. ರಾಜಕಾರಣವನ್ನು, ಅದಿರು ಗಣಿಗಳನ್ನು, ಹೊಳೆಯೊಳಗಿನ ಕ್ಯಾಸಿನೋ ಹಡಗುಗಳನ್ನು ಗೇಲಿ ಮಾಡುವ ಚಿತ್ರಗಳೂ ಬರುತ್ತವೆ. ಕೊಂಕಣಿ ಬಾರದಿದ್ದರೂ ಸುತ್ತಲಿನವರ ನಗು ನೋಡಿ ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ಪಕ್ಕದವರನ್ನು ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಒಂದು ಎಚ್ಚರಿಕೆ: ಲಾರಿಗಳ ಹಿಂದೆ ಜನರೇಟರ್ ಇರುತ್ತದೆ, ಧ್ವನಿವರ್ಧಕಗಳು ಎರಡೂ ಬದಿಗೆ ಮುಖ ಮಾಡಿರುತ್ತವೆ. ಕಿವಿಗೆ ಹತ್ತಿ ಇಟ್ಟುಕೊಂಡವರನ್ನು ಯಾರೂ ಹಳ್ಳಿಗಮಾರರೆನ್ನುವುದಿಲ್ಲ.

ಕುಣಿಯುವವರ ಚಿತ್ರ ತೆಗೆಯುವಾಗ ಇಡೀ ದೃಶ್ಯವನ್ನು ತೆಗೆಯಿರಿ, ಒಬ್ಬ ಹುಡುಗಿಯ ಮೇಲೆ ಕ್ಯಾಮೆರಾ ನೆಟ್ಟು ವಿಡಿಯೊ ಮಾಡಬೇಡಿ. ಹತ್ತಿರದಿಂದ ಬೇಕಿದ್ದರೆ ಕೇಳಿ. ಗಡಿಯಾಚೆಯಿಂದ ಬರುವ ಗಂಡಸರ ಗುಂಪುಗಳ ಬಗ್ಗೆ ಗೋವೆಯವರಿಗಿರುವ ದೂರುಗಳಲ್ಲಿ ಇದು ದೊಡ್ಡದು, ಅದು ನ್ಯಾಯವಾದ ದೂರೇ ಆಗಿದೆ.

ಜನಜಂಗುಳಿಯಲ್ಲಿ ಇಬ್ಬರು

ಲಕ್ಷ್ಯವಿಟ್ಟು ಓದಬೇಕಾದ ಭಾಗ ಇದು. ಸಂಜೆಯ ಹೊತ್ತಿಗೆ ಒಂದೇ ಕಡೆ ಸಾವಿರಾರು ಫೋನುಗಳು ಸೇರಿ ನೆಟ್‌ವರ್ಕ್ ಸತ್ತುಹೋಗುತ್ತದೆ. ಕರೆ ಹೋಗುವುದಿಲ್ಲ, ಲೊಕೇಶನ್ ಹೋಗುವುದಿಲ್ಲ. ಆದ್ದರಿಂದ ಹೊರಡುವ ಮುನ್ನವೇ ಸೇರುವ ಜಾಗವೊಂದನ್ನು ಇಬ್ಬರೂ ಒಟ್ಟಿಗೆ ನಡೆದು ಹೋಗಿ ನೋಡಿ ಗೊತ್ತುಮಾಡಿಕೊಳ್ಳಿ. ಅದು ಮೆರವಣಿಗೆಯ ರಸ್ತೆಯ ಮೇಲಿರಬಾರದು. ಅಂಕುಡೊಂಕಾದ ಬಿಳಿಯ ಮೆಟ್ಟಿಲುಗಳ ಇಮ್ಯಾಕ್ಯುಲೇಟ್ ಕನ್ಸೆಪ್ಶನ್ ಚರ್ಚು ಯಾರನ್ನು ಕೇಳಿದರೂ ಗೊತ್ತಿರುವ ಗುರುತು, ನದಿಯಿಂದ ಒಳಗೆ ಊರಿನ ನಡುವಿದೆ. "ಚರ್ಚಿನ ಹತ್ತಿರ" ಎಂದಷ್ಟೇ ಹೇಳಿಕೊಂಡರೆ ಸಾಲದು, ಕೆಳಗಿನ ಮೊದಲ ಮೆಟ್ಟಿಲಿನ ಎಡತುದಿಯೋ ಬಲತುದಿಯೋ ಎಂದು ನಿಶ್ಚಯಿಸಿ. ಕೈ ತಪ್ಪಿದರೆ ಹುಡುಕುತ್ತ ಅಲೆಯದೆ ಹತ್ತು ನಿಮಿಷ ಇದ್ದಲ್ಲೇ ನಿಂತು, ಆಮೇಲೆ ಇಬ್ಬರೂ ಅಲ್ಲಿಗೇ ನಡೆಯಬೇಕು. ಅಲ್ಲಿಯೂ ಅರ್ಧ ಗಂಟೆ ಕಾದು ಬರದಿದ್ದರೆ ಕೋಣೆಗೆ ಹೋಗಬೇಕು. ಕೋಣೆಯ ವಿಳಾಸವೂ ಅಲ್ಲಿನ ಫೋನ್ ಸಂಖ್ಯೆಯೂ ಚೀಟಿಯಲ್ಲಿ ಬರೆದು ಇಬ್ಬರ ಕಿಸೆಯಲ್ಲೂ ಇರಲಿ.

ಹಣವನ್ನು ಇಬ್ಬರೂ ಹಂಚಿಕೊಂಡು ಇಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದಾಗ ಯುಪಿಐ ಕೂಡ ಇಲ್ಲವಾಗುವುದರಿಂದ ನೂರು, ಐವತ್ತರ ನೋಟುಗಳು ಸಾಕಷ್ಟಿರಲಿ. ಫೋನನ್ನು ಪ್ಯಾಂಟಿನ ಹಿಂದಿನ ಕಿಸೆಯಲ್ಲಿಡುವ ಚಟವಿರುವವರು ನಾಲ್ಕು ದಿನ ಅದನ್ನು ಬಿಡಬೇಕು. ಸಂದಣಿಯಲ್ಲಿ ಯಾರಾದರೂ ಬೇಕೆಂದೇ ಮೈಮೇಲೆ ಬಿದ್ದರೆ ಗಟ್ಟಿಯಾಗಿ ಕೂಗಿ ಹೇಳಿ, ಹತ್ತಿರದ ಪೊಲೀಸರನ್ನು ಕರೆಯಿರಿ. ತುರ್ತಿಗೆ 112. ಜೊತೆಗಾರ ಅಲ್ಲೇ ಕೈಕೈ ಮಿಲಾಯಿಸಲು ಹೋಗುವುದು ವೀರತನವಲ್ಲ, ಅದರಿಂದ ಸಂಜೆ ಠಾಣೆಯಲ್ಲಿ ಕಳೆಯುತ್ತದೆ.

ಇಬ್ಬರಲ್ಲಿ ಒಬ್ಬರಿಗೆ ಗದ್ದಲ ಇಷ್ಟ, ಇನ್ನೊಬ್ಬರಿಗೆ ಒಂದು ಗಂಟೆಗೇ ತಲೆ ಸಿಡಿಯುತ್ತದೆ. ಬಹುತೇಕ ಜೋಡಿಗಳ ಹಣೆಬರಹ ಇಷ್ಟೇ. ಇದನ್ನು ಅಲ್ಲಿಗೆ ಹೋಗಿ ಜಗಳವಾಡಿ ಕಂಡುಕೊಳ್ಳುವ ಬದಲು ಮನೆಯಲ್ಲೇ ಒಪ್ಪಂದ ಮಾಡಿಕೊಳ್ಳಿ. "ನನಗ ಸಾಕಾತು" ಎಂದು ಒಬ್ಬರು ಅಂದ ಕೂಡಲೇ ಇನ್ನೊಬ್ಬರು ಒಂದು ಸ್ತಬ್ಧಚಿತ್ರ ಮಾತ್ರ ನೋಡಿ ಹೊರಡಬೇಕು, ಅಥವಾ ಸಾಕಾದವರು ಕೋಣೆಗೆ ಹೋಗಿ ಇನ್ನೊಬ್ಬರು ಗೊತ್ತಾದ ಹೊತ್ತಿಗೆ ಮರಳಬೇಕು. ಕೋಣೆ ಹತ್ತು ನಿಮಿಷದ ದಾರಿಯಲ್ಲಿದ್ದರೆ ಮಾತ್ರ ಈ ಒಪ್ಪಂದಕ್ಕೆ ಅರ್ಥವಿದೆ.

ಕುಡಿಯುವವರಿಗೆ ಒಂದು ಮಾತು. ಮೋಮೋ ರಾಜನ ಫರ್ಮಾನು ಏನೇ ಇರಲಿ, ಗೋವೆಯ ಪ್ರವಾಸಿ ತಾಣಗಳಲ್ಲಿ ಬಯಲಲ್ಲಿ ಕುಡಿಯುವುದು 2019ರ ತಿದ್ದುಪಡಿಯಿಂದ ಅಪರಾಧ, ಸಿಕ್ಕಿಬಿದ್ದರೆ ದಂಡ ತೆರಬೇಕಾಗುತ್ತದೆ. ಕುಡಿಯುವುದಾದರೆ ಬಾರಿನಲ್ಲಿ ಕೂತು ಕುಡಿಯಿರಿ, ಒಂದೇ ಸಂಜೆ ಇಬ್ಬರೂ ಮಿತಿ ಮೀರಬೇಡಿ.

ರವಿವಾರ, ಸೋಮವಾರ

ನಾಲ್ಕೂ ಊರಿನ ಮೆರವಣಿಗೆ ನೋಡುವ ಹಟ ಬೇಡ. ಅನೇಕ ಸ್ತಬ್ಧಚಿತ್ರಗಳು ಒಂದು ಊರಿನಿಂದ ಇನ್ನೊಂದಕ್ಕೆ ಹೋಗುತ್ತವೆ, ಹೀಗಾಗಿ ಎರಡನೆಯ ದಿನ ನೋಡಿದ್ದನ್ನೇ ನೋಡಬೇಕಾಗುತ್ತದೆ. ಬೇಕಿದ್ದರೆ ಮಡಗಾಂವದ್ದೊಂದನ್ನು ಸೇರಿಸಿಕೊಳ್ಳಿ. ಅದರ ಬದಲು ಸಾಸಷ್ಟಿ ತಾಲೂಕಿನ ಹಳ್ಳಿಗಳಲ್ಲಿ ಈ ದಿನಗಳಲ್ಲಿ ಆಡುವ ಖೇಳ್ ಎಂಬ ಬೀದಿ ನಾಟಕ ಸಿಕ್ಕರೆ ನಾನಂತೂ ಅದನ್ನೇ ಆರಿಸಿಕೊಳ್ಳುತ್ತೇನೆ. ನಮ್ಮ ಸಣ್ಣಾಟ, ದೊಡ್ಡಾಟಗಳನ್ನು ನೋಡಿ ಬೆಳೆದವರಿಗೆ ಹಾಡು, ಹಾಸ್ಯ, ಊರವರ ಟೀಕೆ ಎಲ್ಲ ಬೆರೆತ ಆ ಆಟ ಕೂಡಲೇ ಹಿಡಿಸುತ್ತದೆ. ಎಲ್ಲಿ ನಡೆಯುತ್ತದೆಂಬುದನ್ನು ಅತಿಥಿಗೃಹದವರನ್ನೇ ಕೇಳಿ.

ಬೆಳಗಿನ ಹೊತ್ತನ್ನು ಪಣಜಿಯಲ್ಲೇ ಕಳೆಯಬಹುದು. ಹಿಂದಿನ ದಿನದ ಅಮಲಿನಲ್ಲಿ ಊರು ತಡವಾಗಿ ಏಳುತ್ತದೆ, ಏಳರಿಂದ ಒಂಬತ್ತರವರೆಗೆ ಫೊಂತೈನ್ಹಾಸ್‌ನ ಹಳದಿ, ನೀಲಿ ಮನೆಗಳ ಓಣಿಗಳು ಖಾಲಿಯಿರುತ್ತವೆ. ಅಲ್ಲಿ ಜನ ವಾಸಿಸುತ್ತಾರೆಂಬುದನ್ನು ಮರೆತು ಅವರ ಹೊಸ್ತಿಲಲ್ಲಿ ಕೂತು ಫೋಟೊ ತೆಗೆಸಿಕೊಳ್ಳಬಾರದಷ್ಟೆ. ಹಳೆಗೋವೆ ಸುಮಾರು ಹತ್ತು ಕಿಲೋಮೀಟರ್, ಪಾಟೋದ ನಿಲ್ದಾಣದಿಂದ ಬಸ್ಸುಗಳಿವೆ. 1605ರಲ್ಲಿ ಪ್ರತಿಷ್ಠಾಪನೆಗೊಂಡ ಬೊಮ್ ಜೀಸಸ್ ಬೆಸಿಲಿಕಾ ಸೇರಿದಂತೆ ಅಲ್ಲಿನ ಚರ್ಚುಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ರವಿವಾರ ಬೆಳಿಗ್ಗೆ ಪೂಜೆಯ ಹೊತ್ತಿನಲ್ಲಿ ಒಳಗೆ ಅಡ್ಡಾಡಬೇಡಿ, ತೋಳು, ಮಂಡಿ ಮುಚ್ಚುವ ಉಡುಪಿರಲಿ. ಗದ್ದಲದಿಂದ ದೂರವಾಗಬೇಕಿದ್ದರೆ ಹಳೆಗೋವೆಯಿಂದ ದಿವಾಡಿ ದ್ವೀಪಕ್ಕೋ, ರಾಯಬಂದರದಿಂದ ಚೋಡಣ ದ್ವೀಪದ ಸಲೀಂ ಅಲಿ ಪಕ್ಷಿಧಾಮಕ್ಕೋ ದೋಣಿ ಹತ್ತಿ. ಕಾಲ್ನಡಿಗೆಯವರಿಗೆ ಇಲ್ಲಿನ ಸಾದಾ ಫೆರಿಗಳು ಉಚಿತ.

ಸುತ್ತಾಡಲು ಸ್ಕೂಟರ್ ಬಾಡಿಗೆಗೆ ಪಡೆಯುವುದಾದರೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವುದನ್ನೇ ಪಡೆಯಿರಿ. ಬಿಳಿ ಫಲಕದ ಖಾಸಗಿ ಗಾಡಿಯನ್ನು ಬಾಡಿಗೆಗೆ ಕೊಡುವುದು ಕಾನೂನುಬಾಹಿರ, ಸಿಕ್ಕಿಬಿದ್ದರೆ ಓಡಿಸುವವರಿಗೇ ತಾಪತ್ರಯ. ಹೆಲ್ಮೆಟ್ ಇಬ್ಬರಿಗೂ ಕೇಳಿ ಪಡೆಯಿರಿ. ಗೋವೆಯ ವಿಶೇಷವಾದ ಬಾಡಿಗೆ ಮೋಟರ್‌ಸೈಕಲ್ಲಿನವರನ್ನು ಪೈಲಟ್ ಎನ್ನುತ್ತಾರೆ, ಹಳದಿ ಮಡ್‌ಗಾರ್ಡ್ ಅವರ ಗುರುತು. ಹಿಂದೆ ಒಬ್ಬರನ್ನೇ ಕೂರಿಸಿಕೊಳ್ಳುವುದರಿಂದ ಜೋಡಿಗೆ ಇಬ್ಬರು ಪೈಲಟ್‌ಗಳು ಬೇಕು, ಆಗ ರಿಕ್ಷಾವೇ ಅಗ್ಗ.

ಊಟದ ಬಗ್ಗೆ ಶಾಕಾಹಾರಿಗಳು ಹೆದರಬೇಕಿಲ್ಲ. ಪಣಜಿಯಲ್ಲಿ ಉಡುಪಿ ಹೋಟೆಲುಗಳೂ, ಭಾಜಿ-ಪಾವ್ ಸಿಗುವ ಹಳೆಯ ಕೆಫೆಗಳೂ ಇವೆ. ಮೀನು ತಿನ್ನುವವರು ಮಧ್ಯಾಹ್ನದ ಥಾಳಿಯನ್ನು ಸಣ್ಣ ಖಾನಾವಳಿಗಳಲ್ಲಿ ತಿನ್ನಿ, ಸಂಜೆ ಗಾಡಿಗಳಲ್ಲಿ ರಸ್ ಆಮ್ಲೆಟ್, ಅಂದರೆ ಮಸಾಲೆ ಸಾರು ಸುರಿದ ಆಮ್ಲೆಟ್, ಹುಡುಕಿ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಗೋವೆಯ ಬೀದಿ ಬದಿಯ ವ್ಯಾಪಾರಿಗಳಲ್ಲಿ ಉತ್ತರ ಕರ್ನಾಟಕದವರು ಬಹಳ. ಶೇಂಗಾ ಮಾರುವವರನ್ನು ಕನ್ನಡದಲ್ಲಿ ಒಮ್ಮೆ ಮಾತಾಡಿಸಿ ನೋಡಿ. "ಯಾವೂರ್ರೀ ಅಕ್ಕಾರ?" ಎಂಬ ಮರುಪ್ರಶ್ನೆ ಬಂದರೆ, ಯಾವ ರಸ್ತೆ ಮುಚ್ಚಿದೆ, ಯಾವ ಓಣಿಯಿಂದ ಹೋದರೆ ಬೇಗ, ಯಾವ ಹೋಟೆಲ್ಲಿನಲ್ಲಿ ಮೋಸ ಎಂಬುದೆಲ್ಲ ಯಾವ ಆ್ಯಪ್‌ನಲ್ಲೂ ಸಿಗದಷ್ಟು ಸ್ಪಷ್ಟವಾಗಿ ಸಿಗುತ್ತದೆ.

ಮಂಗಳವಾರ ಮತ್ತು ಮರಳಿ ಬರುವುದು

ಕೊನೆಯ ಸಂಜೆ ಪಣಜಿಯಲ್ಲಿ ಕ್ಲೂಬ್ ನಾಶಿಯೊನಾಲ್‌ನವರ ಕೆಂಪು-ಕಪ್ಪು ನೃತ್ಯ ಹಳೆಯ ಸಂಪ್ರದಾಯ. ಬಂದವರೆಲ್ಲ ಕೆಂಪು ಮತ್ತು ಕಪ್ಪು ಉಡುಪಿನಲ್ಲೇ ಇರಬೇಕು. ಜೋಡಿಯಾಗಿ ಹೋದವರಿಗೆ ನಾಲ್ಕು ದಿನಗಳಲ್ಲಿ ಅತ್ಯಂತ ಒಪ್ಪುವ ಕಾರ್ಯಕ್ರಮ ಇದೇ ಎನ್ನಬೇಕು. ಪ್ರವೇಶಕ್ಕೆ ಟಿಕೆಟ್ ಬೇಕಾಗುವುದರಿಂದ ಮೊದಲೇ ವಿಚಾರಿಸಿ, ಚೀಲ ಕಟ್ಟುವಾಗಲೇ ಒಂದು ಕಪ್ಪು ಅಂಗಿ, ಒಂದು ಕೆಂಪು ಸೀರೆಯೋ ಕುರ್ತಾವೋ ಸೇರಿಸಿಕೊಂಡರಾಯಿತು. ಇದು ಬೇಡವೆನ್ನುವವರು ಸೋಮವಾರ ರಾತ್ರಿಯೇ ಹೊರಟರೆ ಜನ ಕಡಿಮೆ.

ಬೂದಿ ಬುಧವಾರದ ಬೆಳಿಗ್ಗೆ ವ್ರತಕಾಲ ಶುರುವಾಗುತ್ತದೆ. ಹಣೆಗೆ ಬೂದಿಯ ಗುರುತು ಹಚ್ಚಿಸಿಕೊಂಡು ಚರ್ಚಿನಿಂದ ಬರುವವರು ಕಾಣುತ್ತಾರೆ. ಆ ದಿನ ಹಿಂದಿನ ರಾತ್ರಿಯ ವೇಷ, ಬಣ್ಣದೊಂದಿಗೆ ಬೀದಿಯಲ್ಲಿ ಕೂಗಾಡುವುದು ಸಭ್ಯತೆಯಲ್ಲ. ಮರಳುವ ಬಸ್ಸಿನ ಸೀಟನ್ನು ಪಣಜಿಯ ನಿಲ್ದಾಣದಿಂದಲೇ ಕಾಯ್ದಿರಿಸಿ, ಫೋಂಡಾದಲ್ಲಿ ಹತ್ತಿದರಾಯಿತೆಂದು ಬಿಟ್ಟವರು ಘಟ್ಟ ಹತ್ತುವಾಗ ನಿಂತೇ ಇರಬೇಕಾಗುತ್ತದೆ. ಗೇರುಬೀಜ, ಕೋಕಂ ಎಷ್ಟು ಬೇಕಾದರೂ ತನ್ನಿ, ಆದರೆ ಮದ್ಯದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕಿಡುವ ಸಾಹಸ ಬೇಡ. ಅನಮೋಡದಲ್ಲೂ ಕಾರವಾರದ ದಾರಿಯ ಮಾಜಾಳಿಯಲ್ಲೂ ಅಬಕಾರಿ ತಪಾಸಣೆಯಿದೆ, ಬಸ್ಸು ಹತ್ತಿ ಚೀಲ ಬಿಚ್ಚಿಸುತ್ತಾರೆ, ಒಂದು ಬಾಟಲಿಗಾಗಿ ಇಡೀ ಬಸ್ಸು ಕಾಯುವಂತಾದರೆ ಉಳಿದವರ ಬೈಗುಳವೂ ನಿಮಗೇ. ಈ ಬಸ್ಸು ಹುಬ್ಬಳ್ಳಿ ಸೇರುವ ಮುನ್ನ ಧಾರವಾಡವನ್ನು ಹಾಯ್ದೇ ಬರುತ್ತದೆ, ಆದ್ದರಿಂದ ಧಾರವಾಡದವರು ಟಿಕೆಟನ್ನು ಅಲ್ಲಿಗೇ ತೆಗೆಸಿಕೊಂಡು ಇಳಿಯಬೇಕು. ಹುಬ್ಬಳ್ಳಿಗೆ ಹೋಗಿ ಮತ್ತೆ ಚಿಗರಿ ಬಸ್ಸು ಹಿಡಿದು ಹಿಂತಿರುಗುವ ಅಗತ್ಯವಿಲ್ಲ.